ಶೌಚಾಭರಣ ಚಾವುಂಡರಾಯ

ಗೆದ್ದ ಕೋಟೆಯ ಭಂಡಾರ, ಸೆರೆಸಿಕ್ಕವರ ಒಡವೆ, ಪಡೆಯ ಊಟಕ್ಕೆಂದು ಕೂಡಿಸಿದ ಧಾನ್ಯ ಇವೆಲ್ಲವೂ ದಂಡನಾಯಕನ ಕಣ್ಣೆದುರಿಗೇ ಇರುತ್ತವೆ. ಲೆಕ್ಕ ಕೇಳಬೇಕಾದ ಅರಸನು ಹಲವು ಗಾವುದ ದೂರದಲ್ಲಿರುತ್ತಾನೆ. ಪರಧನದ ಆಸೆಗೆ ಇದಕ್ಕಿಂತ ಅನುಕೂಲವಾದ ಎಡೆ ಮತ್ತೊಂದಿಲ್ಲ. ಆಯುಷ್ಯದ ಬಹುಭಾಗವನ್ನು ಇಂತಹ ಎಡೆಯಲ್ಲಿಯೇ ಕಳೆದ ಚಾವುಂಡರಾಯನು ಶೌಚಾಭರಣನೆಂದೂ ಸತ್ಯಯುಧಿಷ್ಠಿರನೆಂದೂ ಹೆಸರಾದುದು ಶ್ರಾವಕರು ನಿಧಾನಿಸಿ ನೋಡತಕ್ಕ ಸಂಗತಿಯಾಗಿದೆ.

ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದ ಈ ಮಹನೀಯನು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಗರ ಮಾರಸಿಂಹನಿಗೂ ಅವನ ತರುವಾಯ ರಾಚಮಲ್ಲನಿಗೂ ಮಂತ್ರಿಯಾಗಿ, ಸೇನಾಧಿಪತಿಯಾಗಿ ಸೇವೆ ಸಲ್ಲಿಸಿದನು. ಖೇಡಗದ ಕಾಳಗದಲ್ಲಿ ವಜ್ಜಳನನ್ನು ಸೋಲಿಸಿ ಸಮರಧುರಂಧರನಾದನು. ನೊಳಂಬರೊಡನೆ ಗೋನೂರ ಬಯಲಿನಲ್ಲಿ ಕಾದಿ ವೀರಮಾರ್ತಂಡನಾದನು. ಉಚ್ಚಂಗಿಯ ಕೋಟೆಯಲ್ಲಿ ಹೋರಾಡಿ ರಣರಂಗಸಿಂಗನಾದನು. ಹೊನ್ನಾಳಿ, ಸಾಸ್ವೆಹಳ್ಳಿಗಳ ಕಡೆಯವರಿಗೆ ಉಚ್ಚಂಗಿದುರ್ಗವು ದೂರದ್ದೇನಲ್ಲ. ಈಶಾನ್ಯ ದಿಕ್ಕಿಗೆ, ದಾವಣಗೆರೆಯ ಆಚೆಗೆ ಆ ಬೆಟ್ಟವಿದೆ. ಅವನ ಗುರುಗಳು ನೆಲೆಸಿದ್ದ ಬಂಕಾಪುರವಿರುವುದು ವಾಯವ್ಯಕ್ಕೆ. ಒಂದು ಕಡೆ ಕತ್ತಿಯ ಪರೀಕ್ಷೆ ನಡೆಯಿತು, ಮತ್ತೊಂದು ಕಡೆ ವ್ರತದ ಶಿಕ್ಷಣ ದೊರೆಯಿತು.

ಪರಧನ ಪರಸ್ತ್ರೀಯರಲ್ಲಿ ಆಸೆಯಿಡದ ಕಾರಣ ಶೌಚಾಭರಣನೆಂದೂ ನಗೆಯಾಟಕ್ಕಾದರೂ ಸುಳ್ಳಾಡದ ಕಾರಣ ಸತ್ಯಯುಧಿಷ್ಠಿರನೆಂದೂ ಬಿರುದು ಬಂದಿತೆಂದು ಅವನ ಗ್ರಂಥವೇ ಹೇಳುತ್ತದೆ. ತನ್ನ ಬಿರುದನ್ನು ತಾನೇ ಬರೆದುಕೊಂಡುದಕ್ಕೆ ಎಷ್ಟು ಬೆಲೆ ಎಂದು ಕೇಳುವವರುಂಟು. ಚಾವುಂಡರಾಯ ಪುರಾಣವು ಮುಗಿದುದು 978ರಲ್ಲಿ. ಅವನ ಕೈಕೆಳಗೆ ಕಾದಿದ ಭಟರು ಆಗ ಇನ್ನೂ ಬದುಕಿದ್ದರು. ಕೊಳ್ಳೆಯಲ್ಲಿ ಕೈಹಾಕಿದವನು ಅವರೆದುರಿಗೆ ಇಂತಹ ಮಾತನ್ನು ಬರೆಯಿಸಿ ನಗೆಗೀಡಾಗುತ್ತಿದ್ದನು.

ಈ ನಡತೆಯು ಹುಟ್ಟುಗುಣವೆಂದು ಕೈಬಿಟ್ಟರೆ ಅಜಿತಸೇನ ಭಟ್ಟಾರಕರಿಗೆ ಅನ್ಯಾಯವಾಗುತ್ತದೆ. ಶತ್ರುವನ್ನು ಎದುರಿಸುವ ಗೃಹಸ್ಥನಿಗೆ ವಿರೋಧಿ ಹಿಂಸೆ ಬಿಡಲಾಗದುದು. ಆದರೆ ಸತ್ಯ, ಅಚೌರ್ಯ ಎಂಬ ಅಣುವ್ರತಗಳಲ್ಲಿ ಯುದ್ಧದ ಹೆಸರಿನಲ್ಲಿ ರಿಯಾಯಿತಿಯಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುವ ಅತಿಚಾರಗಳನ್ನು ದಂಡಿನ ಪಾಳೆಯದಲ್ಲಿ ನಿಂತು ಓದಬೇಕು. ಸ್ತೇನಪ್ರಯೋಗವೆಂದರೆ ಮತ್ತೊಬ್ಬನಿಂದ ಕದಿಯಿಸುವುದು. ತದಾಹೃತಾದಾನವೆಂದರೆ ಕದ್ದುದನ್ನು ಕೈಯೊಡ್ಡಿ ಕೊಳ್ಳುವುದು. ಹೀನಾಧಿಕ ಮಾನೋನ್ಮಾನವು ತೂಕ ಅಳತೆಗಳ ಮೋಸ. ಕುದುರೆಯ ಹುರುಳಿಯನ್ನು ಅಳೆದುಕೊಡುವವನಿಗೂ ಇದು ಸಲ್ಲುತ್ತದೆ. ಕೂಟಲೇಖಕ್ರಿಯೆಯು ಸುಳ್ಳು ಬರಹ, ನ್ಯಾಸಾಪಹಾರವು ನಂಬಿ ಇಟ್ಟ ಒತ್ತೆಯನ್ನು ನುಂಗುವುದು, ಸಾಕಾರಮಂತ್ರಭೇದವು ಗುಟ್ಟಿನ ಆಲೋಚನೆಯನ್ನು ಹೊರಗೆಡಹುವುದು. ಕದ್ದವನಷ್ಟೇ ಕಳ್ಳನಲ್ಲ, ಮಾಡಿಸಿದವನೂ ಒಪ್ಪಿದವನೂ ದೋಷಿಗಳೇ ಎಂಬುದು ಜಿನಾಗಮದ ನಿಲುವು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿಯೂ ಸುಳ್ಳು, ವಂಚನೆ, ಕಳವುಗಳನ್ನು ಮಾಡದಿರುವುದರ ಜೊತೆಗೆ ಮಾಡುವವರನ್ನು ಸಹಿಸದಿರುವ ನಿಯಮವನ್ನು ವಿದ್ಯಾರ್ಥಿಗಳಿಗೆ ವಿಧಿಸಲಾಗಿದೆ.

ವ್ರತವೆಂದರೇನೆಂಬುದನ್ನು ಚಾವುಂಡರಾಯನ ಒಡೆಯನೇ ತೋರಿಸಿಕೊಟ್ಟನು. ಯುದ್ಧಗಳಲ್ಲಿ ಹೆಸರು ಮಾಡಿದ ಮಾರಸಿಂಹನು ರಾಜ್ಯವನ್ನು ಬಿಟ್ಟು, 974ರಲ್ಲಿ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವನ್ನು ಕೈಕೊಂಡು ಸಮಾಧಿಯನ್ನು ಪಡೆದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಇದನ್ನು ಸಾರುತ್ತದೆ.

ಅದು ಗಂಗರಾಜ್ಯಕ್ಕೆ ಕೆಟ್ಟ ಕಾಲ. ರಾಷ್ಟ್ರಕೂಟರ ಪ್ರಭುತ್ವವು ಹಿಂದಿನ ವರ್ಷವೇ ಚಾಲುಕ್ಯ ತೈಲಪನ ಕೈಯಲ್ಲಿ ಮುರಿದುಬಿದ್ದಿತ್ತು. ಸಿಂಹಾಸನಕ್ಕೆ ಹೊಂಚುಹಾಕುವವರು ಎದ್ದಿದ್ದರು. ಸೇನೆಯು ಚಾವುಂಡರಾಯನ ವಶದಲ್ಲಿತ್ತು. ಅವನು ಅದನ್ನು ತನಗಾಗಿ ಬಳಸಿಕೊಳ್ಳದೆ ರಾಚಮಲ್ಲನ ಬೆಂಬಲಕ್ಕೆ ನಿಂತನು. ಅಚೌರ್ಯದ ಕಠಿನವಾದ ಪರೀಕ್ಷೆಯೆಂದರೆ ಇದೇ. ಪೆಟ್ಟಿಗೆಯ ಹೊನ್ನನ್ನು ಮುಟ್ಟದವರು ರಾಜ್ಯವನ್ನೇ ಮುಟ್ಟಿದ ನಿದರ್ಶನಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಹಾಗೆಂದು ಅವನ ಬಾಳು ಕಲೆಯಿಲ್ಲದ ಕನ್ನಡಿಯೆನ್ನಲಾಗದು. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಹಗೆಯಿಂದ ಕೊಂದು ಸಮರಪರಶುರಾಮನೆನಿಸಿಕೊಂಡನು. ಈ ಬಿರುದನ್ನು ಶೌಚಾಭರಣದ ಪಕ್ಕದಲ್ಲಿಟ್ಟು ಓದುವಾಗ ಮನಸ್ಸು ಅಳುಕುತ್ತದೆ. ಕಷಾಯಗಳಲ್ಲಿ ಲೋಭವನ್ನು ಗೆದ್ದವನಿಗೂ ಕ್ರೋಧವು ಬಾಕಿಯಿದ್ದಿತು.

ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ತಿಳಿಸುವ ಚಾರಿತ್ರಸಾರವೆಂಬ ಸಂಸ್ಕೃತ ಗ್ರಂಥವೂ ಅವನದೇ. ಅದರಲ್ಲಿ ಶ್ರಾವಕನ ಮೂಲಗುಣಗಳೊಳಗೆ ಮದ್ಯಮಾಂಸಗಳ ತ್ಯಾಗದೊಡನೆ ಜೂಜಿನ ತ್ಯಾಗವೂ ಸೇರಿರುವುದು ಗಮನಾರ್ಹ. ಪಾಳೆಯದ ಬಿಡುವಿನ ರಾತ್ರಿಗಳನ್ನು ಕಂಡವನಿಗೆ ಜೂಜಿನ ಸಾಲವು ಭಟನನ್ನು ಎಲ್ಲಿಗೊಯ್ಯುವುದೆಂದು ಹೇಳಿಕೊಡಬೇಕಾಗಿಲ್ಲ.

ನ್ಯಾಯವಾಗಿ ಬಂದ ಸಂಪತ್ತನ್ನು ಅವನು ಕೂಡಿಡಲಿಲ್ಲ. ಕವಿ ರನ್ನನಿಗೆ ಆಶ್ರಯವಿತ್ತನು. ರನ್ನನು ತನ್ನ ಮಗನಿಗೆ ರಾಯನೆಂದು ಹೆಸರಿಟ್ಟುದು ಈ ಋಣಕ್ಕಾಗಿ. 981ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ 58 ಅಡಿಯ ಗೊಮ್ಮಟಮೂರ್ತಿಯನ್ನು ಕಡೆಯಿಸಿದನು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಯನ್ನು ಒಬ್ಬ ಸೇನಾಪತಿಯು ಆರಿಸಿಕೊಂಡುದು ಆಕಸ್ಮಿಕವೆನ್ನಲು ಮನಸ್ಸು ಬಾರದು.

ಅದೇ ಬೆಟ್ಟದಲ್ಲಿ ಅವನು ದಾನ ಮಾಡುತ್ತಿದ್ದನೆಂದು ಪ್ರತೀತಿಯಿರುವ ತ್ಯಾಗದ ಬ್ರಹ್ಮದೇವರ ಕಂಬವಿದೆ. ಅದರ ನಾಲ್ಕು ಮುಖಗಳಲ್ಲಿದ್ದ ಅವನ ಶಾಸನವನ್ನು ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ಮೂರು ಮುಖಗಳಲ್ಲಿ ಅಳಿಸಿ, ತಾನು ಯಕ್ಷನನ್ನು ಮಾಡಿಸಿದುದನ್ನು ಕೆಲವೇ ಸಾಲುಗಳಲ್ಲಿ ಕೆತ್ತಿಸಿದನು. ಈಗ ಉಳಿದಿರುವ ಒಂದು ಮುಖದಲ್ಲಿ ಕುಲದ ಹೊಗಳಿಕೆಯೂ ಯುದ್ಧಗಳ ವರ್ಣನೆಯೂ ಇವೆ.