ಬಂಡೆ ಉಳಿಸಿದವನೂ ಬಂಡೆ ಹತ್ತಿದವನೇ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬಂಡೆ ಹತ್ತುವವರಿಗೂ ಉದ್ಯಾನ ನೋಡಿಕೊಳ್ಳುವ ಇಲಾಖೆಗೂ ಈಚೆಗೆ ಒಂದು ದೊಡ್ಡ ಜಗಳವೇ ಆಯಿತು. ಜಗಳದ ಮೂಲ ಬೆರಳುದ್ದದ ಲೋಹದ ಗೂಟ. ಕಡಿದಾದ ಬಂಡೆ ಹತ್ತುವವರು ಹಗ್ಗ ಕಟ್ಟೋದು, ಜೀವ ನಂಬಿ ಕೆಳಗಿಳಿಯೋದು ಇಂಥ ಗೂಟಗಳಿಂದಲೇ. 2023ರ ನವೆಂಬರ್‌ನಲ್ಲಿ ಇಲಾಖೆ ಒಂದು ಕರಡು ನಿಯಮ ಹೊರಡಿಸಿತು. 1964ರ ವನ್ಯಪ್ರದೇಶ ಕಾಯ್ದೆಯಡಿ ಬರುವ ಜಾಗಗಳಲ್ಲಿ ಈ ಗೂಟಗಳೂ ನಿಷಿದ್ಧ ಕಟ್ಟಡಗಳ ಸಾಲಿಗೇ ಸೇರುತ್ತವೆ, ಒಂದೊಂದಕ್ಕೂ ವಿಶೇಷ ವಿನಾಯಿತಿ ಬೇಕು ಅನ್ನೋದು ಅದರ ತಾತ್ಪರ್ಯ. ಯೊಸೆಮಿಟಿ ಉದ್ಯಾನದ ಶೇ 90ಕ್ಕೂ ಹೆಚ್ಚು ಭಾಗ ಈ ಕಾಯ್ದೆಯಡಿಯೇ ಬರುತ್ತದೆ.

ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ಯೊಸೆಮಿಟಿಯನ್ನು ಉಳಿಸಿಕೊಟ್ಟ ಜಾನ್ ಮ್ಯೂರ್. ಆತ ಸತ್ತು ನೂರು ವರ್ಷದ ಮೇಲಾಯಿತು. ಅಮೆರಿಕದ ಉದ್ಯಾನಗಳ ಪಿತಾಮಹ ಅಂತಲೇ ಹೆಸರು. ಗಡ್ಡದ ಸಂತನಂತೆ ಆತನ ಪಟ ಇಟ್ಟುಕೊಂಡವರಿಗೆ ಒಂದು ಸಂಗತಿ ಮರೆತೇಹೋಗುತ್ತೆ: ಮ್ಯೂರ್ ಮೊದಲಿಗೆ ಬಂಡೆ ಹತ್ತುವ ಮನುಷ್ಯ.

ಹುಟ್ಟಿದ್ದು 1838ರಲ್ಲಿ, ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲೂರಿನಲ್ಲಿ. ಹುಡುಗನಾಗಿದ್ದಾಗ ಅಲ್ಲಿನ ಪಾಳುಬಿದ್ದ ಕೋಟೆಯ ಗೋಡೆಗಳೇ ಆತನ ಗರಡಿ. 1849ರಲ್ಲಿ ಕುಟುಂಬ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಹೋಯಿತು. ಅಪ್ಪ ಮಹಾ ದೈವಭಕ್ತ, ಅಷ್ಟೇ ಕಠೋರ. ಮಕ್ಕಳಿಗೆ ಹೊಲದಲ್ಲಿ ಎತ್ತಿನ ದುಡಿಮೆ. 1867ರಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವಾಗ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಕೆಲವು ವಾರ ಕತ್ತಲೆ ಕೋಣೆ. ದೃಷ್ಟಿ ಮರಳಿದ ಮೇಲೆ ಆ ಕಣ್ಣನ್ನು ಯಂತ್ರಗಳಿಗೆ ಸವೆಸೋದು ಬೇಡ ಅಂತ ನಿರ್ಧರಿಸಿ ನಡೆಯತೊಡಗಿದ. ಫ್ಲಾರಿಡಾವರೆಗೆ ಸಾವಿರ ಮೈಲಿ ಕಾಲ್ನಡಿಗೆ. ಮಾರನೇ ವರ್ಷ ಕ್ಯಾಲಿಫೋರ್ನಿಯಾ.

1869ರ ಬೇಸಿಗೆಯಲ್ಲಿ ಕುರಿಮಂದೆಯ ಜೊತೆ ಸಿಯೆರಾ ನೆವಾಡಾ ಬೆಟ್ಟಗಳಿಗೆ ಹೋದವನು ಕೆಥೀಡ್ರಲ್ ಪೀಕ್ ಎಂಬ ಚೂಪು ಶಿಖರವನ್ನು ಒಬ್ಬನೇ ಹತ್ತಿಬಿಟ್ಟ. ಅದಕ್ಕೂ ಮುಂಚೆ ಯಾರಾದರೂ ಅದನ್ನು ಹತ್ತಿದ ದಾಖಲೆಯಿಲ್ಲ. 1872ರಲ್ಲಿ ಮೌಂಟ್ ರಿಟರ್ ಏರುವಾಗ ನಡುಬಂಡೆಯಲ್ಲಿ ಕೈಕಾಲು ಆಡದಂತೆ ಸಿಕ್ಕಿಕೊಂಡ. ಹಗ್ಗವೂ ಇಲ್ಲ, ಜೊತೆಗಾರನೂ ಇಲ್ಲ. ಒಂದು ಕ್ಷಣ ಸತ್ತೆ ಅಂದುಕೊಂಡವನಿಗೆ ಮರುಕ್ಷಣ ಎಲ್ಲಿಂದಲೋ ಸ್ಥೈರ್ಯ ಬಂತು, ತುದಿ ಮುಟ್ಟಿದ.

ಈ ಹತ್ತಾಟ ಬರೀ ಮೋಜಾಗಿರಲಿಲ್ಲ. ಯೊಸೆಮಿಟಿ ಕಣಿವೆ ನೆಲ ಕುಸಿದು ಉಂಟಾದದ್ದು ಅಂತ ರಾಜ್ಯದ ಭೂವಿಜ್ಞಾನಿ ಜೋಸಿಯಾ ವಿಟ್ನಿ ವಾದಿಸಿದ್ದ. ಬಂಡೆಗಳ ಮೇಲಿನ ನುಣುಪು, ಗೀರುಗಳನ್ನು ಕೈಯಾರೆ ಮುಟ್ಟಿ ನೋಡಿದ ಮ್ಯೂರ್, ಇದು ಹಿಮನದಿ ಕೊರೆದ ಕಣಿವೆ ಅಂದ. ಕುರಿ ಕಾಯೋನು ಅಂತ ಹೀಯಾಳಿಸಿದರು. ಬಹುಮಟ್ಟಿಗೆ ಗೆದ್ದದ್ದು ಕುರಿ ಕಾಯೋನೇ.

ಈಗ ಗೂಟದ ವಿಷಯಕ್ಕೆ ಬರ್ತೀನಿ. ಹಾಫ್ ಡೋಮ್ ಎಂಬ ಬೋಳುಬಂಡೆಯನ್ನು ಮನುಷ್ಯ ಎಂದೂ ಹತ್ತಲಾರ ಅಂತ ವಿಟ್ನಿ ಬರೆದಿದ್ದ. 1875ರ ಅಕ್ಟೋಬರ್‌ನಲ್ಲಿ ಜಾರ್ಜ್ ಆಂಡರ್ಸನ್ ಅನ್ನೋ ಕಮ್ಮಾರ ಬಂಡೆಗೆ ತೂತು ಕೊರೆದು, ಕಬ್ಬಿಣದ ಗೂಟ ಹೊಡೆದು, ಒಂದೊಂದರ ಮೇಲೆ ನಿಂತು ಮುಂದಿನದನ್ನು ಕೊರೆಯುತ್ತಾ ತುದಿ ತಲುಪಿದ. ಮುಂದಿನ ತಿಂಗಳೇ, ಮೊದಲ ಹಿಮ ಬಿದ್ದ ಮೇಲೆ, ಅದೇ ದಾರಿಯಲ್ಲಿ ಮ್ಯೂರ್ ಹತ್ತಿದ. ಈ ಬಂಡೆ ಯಾರೂ ಮುಟ್ಟದೆ ಹಾಗೇ ಇದ್ದರೆ ಚೆಂದ ಅನ್ನೋ ಆಸೆ ಆತನಿಗಿತ್ತು. ಹಾಗಿದ್ದೂ ಜನರ ಕಾಲು ತಾಗಿದರೆ ಬಂಡೆಗೇನೂ ದೊಡ್ಡ ಹಾನಿಯಿಲ್ಲ ಅಂತಲೂ ಬರೆದ. ಇಡೀ ವಿವಾದಕ್ಕೆ ಇದಕ್ಕಿಂತ ಹದವಾದ ಮಾತು ನನಗೆ ಸಿಕ್ಕಿಲ್ಲ.

ನಿಜವಾದ ಹಾನಿ ಯಾವುದು ಅಂತ ಆತನಿಗೆ ಗೊತ್ತಿತ್ತು: ಹುಲ್ಲುಗಾವಲು ಬೋಳಿಸುವ ಸಾವಿರಾರು ಕುರಿ, ಮರಗಳ್ಳರು, ಅಣೆಕಟ್ಟು. ಆತನ ಬರಹಗಳ ಬಲದಿಂದ 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. 1892ರಲ್ಲಿ ಸಿಯೆರಾ ಕ್ಲಬ್ ಹುಟ್ಟಿತು. ಬೆಟ್ಟಗಳನ್ನು ಜನರಿಗೆ ಎಟುಕುವಂತೆ ಮಾಡೋದೂ ಅದರ ಘೋಷಿತ ಉದ್ದೇಶಗಳಲ್ಲಿ ಒಂದು. 1903ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್‌ರನ್ನೇ ಕರೆದೊಯ್ದು ಬಯಲಲ್ಲಿ ಮಲಗಿಸಿದ. ಕೊನೆಯ ಹೋರಾಟ ಹೆಚ್ ಹೆಚಿ ಕಣಿವೆಗಾಗಿ. 1913ರಲ್ಲಿ ಅಣೆಕಟ್ಟಿಗೆ ಸಂಸತ್ತು ಒಪ್ಪಿತು, 1914ರ ಡಿಸೆಂಬರ್‌ನಲ್ಲಿ ಮ್ಯೂರ್ ತೀರಿಕೊಂಡ. ಉದ್ಯಾನದೊಳಗಿನ ಇಡೀ ಕಣಿವೆ ಮುಳುಗಿದ್ದು ಕಾನೂನುಬದ್ಧವಾಗಿಯೇ ಅನ್ನೋದನ್ನು ಗಮನಿಸಿ.

ಮ್ಯೂರ್‌ನನ್ನು ದೇವರು ಮಾಡೋದು ಬೇಡ. ಯೊಸೆಮಿಟಿ ಅಹ್ವಾನೀಚಿ ಜನರ ಮನೆಯಾಗಿತ್ತು. 1851ರಲ್ಲೇ ಬಂದೂಕು ಹಿಡಿದು ಅವರನ್ನು ಹೊರದಬ್ಬಲಾಗಿತ್ತು. ಮೂಲನಿವಾಸಿಗಳ ಬಗ್ಗೆ ಮ್ಯೂರ್ ಬರೆದ ಕೆಲವು ಮಾತುಗಳು ಓದಲಾಗದಷ್ಟು ಕೀಳು. ಸಿಯೆರಾ ಕ್ಲಬ್ಬೇ 2020ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಮನುಷ್ಯರಿಲ್ಲದ ಕಾಡೇ ಶುದ್ಧ ಕಾಡು ಅನ್ನೋ ಕಲ್ಪನೆಗೆ ಬಲಿಯಾದ ಮೊದಲಿಗರು ಅವರು. ಬೇಲಿ ಹಾಕುವ ಮುನ್ನ ಯಾರನ್ನು ಹೊರಗಿಡುತ್ತಿದ್ದೇವೆ, ಯಾತಕ್ಕೆ ಅಂತ ಕೇಳಲೇಬೇಕು ಅನ್ನೋದನ್ನು ನಾನು ಇಲ್ಲಿಂದಲೇ ಕಲಿಯೋದು.

ಹಾಗಂತ ಎಲ್ಲ ಬಂಡೆಯೂ ಎಲ್ಲರಿಗೂ ಸದಾ ತೆರೆದಿರಲಿ ಅಂತಲ್ಲ. ಯೊಸೆಮಿಟಿಯಲ್ಲಿ ಪೆರೆಗ್ರಿನ್ ಡೇಗೆಗಳು ಗೂಡು ಕಟ್ಟುವ ಕಾಲಕ್ಕೆ ಆ ಬಂಡೆಗಳನ್ನು ಮುಚ್ಚುತ್ತಾರೆ, ಮರಿ ಹಾರಿದ ಮೇಲೆ ತೆರೆಯುತ್ತಾರೆ. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಗೂಡಿರುವ ಬಂಡೆಯಿಂದ ದೂರವಿರಿ ಅಂದರೆ ನನ್ನದೇನೂ ತಕರಾರಿಲ್ಲ. ಕಾರಣ ಕಣ್ಣಿಗೆ ಕಾಣುತ್ತೆ. ಕಾರಣ ಹೇಳದ ನಿಷೇಧ ಮಾತ್ರ ಜನರನ್ನು ಕಳ್ಳದಾರಿಗೆ ತಳ್ಳುತ್ತೆ. ತುಕ್ಕು ಹಿಡಿದ ಹಳೇ ಗೂಟ ಬದಲಾಯಿಸೋಕೂ ವರ್ಷಗಟ್ಟಲೆ ಕಡತ ಕಾಯಬೇಕು ಅಂದರೆ, ಬೀಳೋದು ಮನುಷ್ಯ.

ಅಮೆರಿಕದ ಇಲಾಖೆ ಆ ಕರಡನ್ನು ಕೊನೆಗೆ ಕೈಬಿಟ್ಟಿತು. 2025ರ ಜನವರಿಯಲ್ಲಿ ಸಹಿಯಾದ ಹೊಸ ಕಾನೂನು, ವನ್ಯಪ್ರದೇಶದಲ್ಲೂ ನಿಯಮಕ್ಕೆ ಒಳಪಟ್ಟು ಬಂಡೆ ಹತ್ತೋದು, ಗೂಟ ಬಳಸೋದು ಸಲ್ಲುತ್ತದೆ ಅಂತ ಒಪ್ಪಿತು. ನನಗೆ ಇದು ಸರಿ ಅನಿಸುತ್ತೆ. ಡನ್‌ಬಾರ್ ಕೋಟೆಯ ಗೋಡೆಗೆ ಯಾರಾದರೂ ಬೇಲಿ ಹಾಕಿದ್ದರೆ ಯೊಸೆಮಿಟಿಗಾಗಿ ಬಡಿದಾಡೋಕೆ ಮ್ಯೂರ್ ಸಿಗುತ್ತಿದ್ದನೋ ಇಲ್ಲವೋ.