ಇನ್ಸುಲಿನ್‌ಗೆ ನಕ್ಷೆ ಬರೆದ ಡೊರೊಥಿ ಹಾಡ್ಜ್‌ಕಿನ್

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಪೆನ್ನು ಕಾಣುವುದು ಹೊಸದೇನಲ್ಲ. ಅದರೊಳಗಿನ ಔಷಧದ ಆಕಾರವನ್ನು ಮೊದಲು ಕಂಡವರ ಮುಂದಾಳು ಒಬ್ಬ ಮಹಿಳೆ, ಡೊರೊಥಿ ಹಾಡ್ಜ್‌ಕಿನ್.

ಅವರು ಹುಟ್ಟಿದ್ದು 1910ರಲ್ಲಿ, ಕೈರೋದಲ್ಲಿ. ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರ ಓದಿ, ಕೇಂಬ್ರಿಡ್ಜ್‌ನಲ್ಲಿ ಬರ್ನಾಲ್ ಅವರ ಬಳಿ ಹರಳುಗಳಿಗೆ ಎಕ್ಸ್‌ರೇ ಹಾಯಿಸಿ ಅಣುವಿನ ಆಕಾರ ಹುಡುಕುವುದನ್ನು ಕಲಿತರು. ಆಕ್ಸ್‌ಫರ್ಡ್‌ಗೆ ಮರಳಿದ ಮೇಲೆ ರಾಬರ್ಟ್ ರಾಬಿನ್ಸನ್ ಅವರಿಗೆ ಸ್ವಲ್ಪ ಇನ್ಸುಲಿನ್ ಹರಳು ಕೊಟ್ಟರು. 1935ರಲ್ಲಿ ಅದರ ಎಕ್ಸ್‌ರೇ ಚಿತ್ರ ಪ್ರಕಟವಾಯಿತು. ಚುಕ್ಕೆಗಳೇನೋ ಬಂದವು, ಅವುಗಳಿಂದ ಆಕಾರ ಬಿಡಿಸುವ ಲೆಕ್ಕ ಮಾತ್ರ ಆ ಕಾಲಕ್ಕೆ ಸಾಧ್ಯವಿರಲಿಲ್ಲ.

ಕಾಯುತ್ತಾ ಅವರು ಸುಮ್ಮನೆ ಕೂರಲಿಲ್ಲ. ಮದುವೆ, ಮೂರು ಮಕ್ಕಳು. 28ನೇ ವಯಸ್ಸಿಗೇ ಸಂಧಿವಾತ ಬಂದು ಬೆರಳುಗಳು ಸೊಟ್ಟಗಾದವು. ಆ ಕೈಗಳಲ್ಲೇ ಪೆನಿಸಿಲಿನ್, ಆಮೇಲೆ ಬಿ12 ವಿಟಮಿನ್ನಿನ ರಚನೆ ಬಿಡಿಸಿದರು. 1964ರಲ್ಲಿ ನೊಬೆಲ್ ಬಂದಾಗ ಬ್ರಿಟನ್ನಿನ ಪತ್ರಿಕೆಯೊಂದು ಅವರನ್ನು ಗೃಹಿಣಿ ಎಂದು ತಲೆಬರಹದಲ್ಲಿ ಹಾಕಿತು. ಮನೆ ನಡೆಸುವುದು ಸಣ್ಣ ಕೆಲಸವಲ್ಲ, ಒಪ್ಪೋಣ. ಆದರೆ ನೊಬೆಲ್ ಪಡೆದ ಗಂಡಸನ್ನು ಮನೆ ಯಜಮಾನ ಎಂದು ಯಾವ ಪತ್ರಿಕೆ ಬರೆದೀತು?

1969ರಲ್ಲಿ, ಮೊದಲ ಚಿತ್ರದಿಂದ 34 ವರ್ಷಕ್ಕೆ, ಇನ್ಸುಲಿನ್ನಿನ ರಚನೆ ಸಿಕ್ಕಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿದ್ಯೆಯನ್ನು ಬೆಳೆಸಿದರು.

ಆಕಾರ ತಿಳಿದರೆ ರೋಗಿಗೇನು ಲಾಭ? ಎಂಟೆಕ್ ಓದುವಾಗ ನನ್ನನ್ನೂ ಕಾಡಿದ ಪ್ರಶ್ನೆ. ಜೀವಕೋಶದ ಮೇಲಿನ ರಿಸೆಪ್ಟರನ್ನು ಬೀಗ ಎಂದುಕೊಂಡರೆ ಇನ್ಸುಲಿನ್ ಕೀಲಿಕೈ. ಕೀಲಿಯ ಹಲ್ಲಿಗೆ ಮೇಣ ಮೆತ್ತಿದರೆ ಬೀಗ ತೆರೆಯದು, ಹಿಡಿಗೆ ದಾರ ಕಟ್ಟಿದರೆ ಅಷ್ಟೇನೂ ತೊಂದರೆಯಿಲ್ಲ. ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳ ಎರಡು ಸರಪಳಿಗಳಿವೆ. 'ಎ' ಸರಪಳಿಯ ಮೊದಲ ಗ್ಲೈಸಿನ್‌ಗೆ ಏನಾದರೂ ಅಂಟಿಸಿದರೆ ರಿಸೆಪ್ಟರಿನ ಮೇಲಿನ ಹಿಡಿತ ಚೆನ್ನಾಗಿಯೇ ಸಡಿಲವಾಗುತ್ತದೆ. 'ಬಿ' ಸರಪಳಿಯ 29ನೇ ಲೈಸಿನ್ ಹಾಗಲ್ಲ. ಡೆಟೆಮಿರ್ ಎಂಬ ಇನ್ಸುಲಿನ್‌ನಲ್ಲಿ ಅಲ್ಲಿಗೇ 14 ಇಂಗಾಲದ ಕೊಬ್ಬಿನಾಮ್ಲದ ಬಾಲ ಕಟ್ಟಿದ್ದಾರೆ. ಹಿಡಿತ ಒಂದಿಷ್ಟು ಕುಗ್ಗುತ್ತದೆ, ನಿಜ. ಆದರೆ ಆ ಬಾಲ ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡಿದ್ದು ಔಷಧವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬ ರಸಾಯನಶಾಸ್ತ್ರಜ್ಞರ ಅನುಭವಕ್ಕೆ ಕಾರಣ ಕಾಣಿಸಿದ್ದು ಡೊರೊಥಿ ತಂಡದ ನಕ್ಷೆ. ಅದಿಲ್ಲದೆ ಹೊಸ ಇನ್ಸುಲಿನ್ ಮಾಡುವುದು ಕತ್ತಲಲ್ಲಿ ತಡಕಾಡಿದಂತೆ.

ನಕ್ಷೆ ಸಿಕ್ಕಿತೆಂದು ಅವರು ಕೈಬಿಡಲಿಲ್ಲ. ಇನ್ನೂ ಸ್ಪಷ್ಟವಾದ ರಚನೆ 1988ರಲ್ಲಿ ಪ್ರಕಟವಾಯಿತು. ಅದರ ದತ್ತಾಂಶವನ್ನು ಇಂದು ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆದು ತಿರುಗಿಸಿ ನೋಡಬಹುದು. 1993ರಲ್ಲಿ, ನಡೆಯಲಾಗದ ಸ್ಥಿತಿಯಲ್ಲೂ, ಗಾಲಿಕುರ್ಚಿಯಲ್ಲಿ ಬೀಜಿಂಗ್‌ನ ಹರಳು ವಿಜ್ಞಾನ ಸಮ್ಮೇಳನಕ್ಕೆ ಹೋಗಿಬಂದರು. ಮರುವರ್ಷ ಜುಲೈನಲ್ಲಿ ತೀರಿಕೊಂಡರು.