ವ್ಯಾಕರಣ ಬರೆದ ಶಾಲಾ ಮೇಷ್ಟ್ರು: ಪಂಡಿತ ಕಾಮತಾ ಪ್ರಸಾದ ಗುರು

ಹೈಸ್ಕೂಲಿನಲ್ಲಿ ಹಿಂದಿ ಕಲಿತ ಯಾರನ್ನೇ ಕೇಳಿ, ಲಿಂಗದ ಪಾಠವನ್ನು ಅವರು ಮರೆತಿರುವುದಿಲ್ಲ. ಮೇಜು ಸ್ತ್ರೀಲಿಂಗ, ಮನೆ ಪುಲ್ಲಿಂಗ. ಕುರ್ಚಿ ಸ್ತ್ರೀಲಿಂಗ, ಬಾಗಿಲು ಪುಲ್ಲಿಂಗ. ಗಂಡಸಿನ ಮುಖದ ಮೇಲಿರುವ ಮೀಸೆ ಮತ್ತು ಗಡ್ಡ ಎರಡೂ ಸ್ತ್ರೀಲಿಂಗ! ಕನ್ನಡದ ಮಕ್ಕಳಿಗೆ ಇದು ಕಬ್ಬಿಣದ ಕಡಲೆ. ನಮ್ಮ ಭಾಷೆಯಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಹುಡುಗ ಬಂದನು, ಹುಡುಗಿ ಬಂದಳು, ಬಸ್ಸು ಬಂತು. ಜೀವವಿಲ್ಲದ ವಸ್ತುಗಳಿಗೆಲ್ಲ ನಪುಂಸಕಲಿಂಗ ಎಂಬ ದೊಡ್ಡ ಮನೆಯಿದೆ. ಹಿಂದಿಯಲ್ಲಿ ಆ ಮನೆಯೇ ಇಲ್ಲ. ಕಲ್ಲಿನಿಂದ ಮೋಡದವರೆಗೆ ಎಲ್ಲವೂ ಗಂಡಾಗಬೇಕು, ಇಲ್ಲವೇ ಹೆಣ್ಣಾಗಬೇಕು.

ಈ ಗೊಂದಲದ ನಡುವೆ ಒಂದು ಕ್ರಮವನ್ನು ಹುಡುಕಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟ ಮಹನೀಯರು ಪಂಡಿತ ಕಾಮತಾ ಪ್ರಸಾದ ಗುರು. ಇಂದು ದೇಶದಲ್ಲಿ ಹಿಂದಿ ವ್ಯಾಕರಣದ ಯಾವ ಪಠ್ಯಪುಸ್ತಕವನ್ನು ತೆರೆದರೂ ಅವರು ಹಾಕಿಕೊಟ್ಟ ದಾರಿ ಅದರಲ್ಲಿ ಕಾಣುತ್ತದೆ. ಅವರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿರಲಿಲ್ಲ. ವೃತ್ತಿಯಿಂದ ಶಾಲಾ ಮೇಷ್ಟ್ರು. ಒಂದು ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವರ ಬದುಕನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ಕಾಮತಾ ಪ್ರಸಾದ ಗುರು ಅವರು 1875ರ ಡಿಸೆಂಬರ್ 24ರಂದು ಇಂದಿನ ಮಧ್ಯಪ್ರದೇಶದ ಸಾಗರ ಪಟ್ಟಣದಲ್ಲಿ ಹುಟ್ಟಿದರು. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ಇದಲ್ಲ. ದೊಡ್ಡ ಕೆರೆಯ ಸುತ್ತ ಬೆಳೆದ ಬುಂದೇಲಖಂಡದ ಊರು. ತಂದೆ ಗಂಗಾಪ್ರಸಾದ ಗುರು. ಕಾಮತಾ ಪ್ರಸಾದರು ಸಾಗರದಲ್ಲೇ ಓದಿ, 1892ರಲ್ಲಿ ಎಂಟ್ರೆನ್ಸ್ ಪರೀಕ್ಷೆ ಪಾಸು ಮಾಡಿದರು. ಅದು ಇಂದಿನ ಎಸ್ಸೆಸ್ಸೆಲ್ಸಿಗೆ ಸಮ. ಓದು ಮುಗಿಯುತ್ತಿದ್ದಂತೆ ಅದೇ ಊರಿನ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಅಲ್ಲಿಂದ 1928ರಲ್ಲಿ ನಿವೃತ್ತರಾಗುವವರೆಗೆ, ನಡುವಿನ ಸ್ವಲ್ಪ ಕಾಲವನ್ನು ಬಿಟ್ಟರೆ, ಅವರ ಬದುಕು ಕಳೆದದ್ದು ಪಾಠ ಹೇಳುವುದರಲ್ಲಿ.

ಅವರು ಪಾಠ ಹೇಳಲು ಶುರು ಮಾಡಿದ ಕಾಲದಲ್ಲಿ ಹಿಂದಿ ಗದ್ಯಕ್ಕೆ ಇನ್ನೂ ಹದ ಬಂದಿರಲಿಲ್ಲ. ಕವಿತೆ ಹೆಚ್ಚಾಗಿ ಬ್ರಜಭಾಷೆಯಲ್ಲಿತ್ತು. ಪತ್ರಿಕೆ, ಪಠ್ಯಪುಸ್ತಕಗಳ ಗದ್ಯವು ದೆಹಲಿ, ಮೀರತ್ ಕಡೆಯ ಖಡೀಬೋಲಿಯನ್ನು ಹಿಡಿದು ನಡೆಯತೊಡಗಿತ್ತು. ಆದರೆ ಅದನ್ನು ಬರೆಯುತ್ತಿದ್ದವರಲ್ಲಿ ಬಹುಮಂದಿಗೆ ಖಡೀಬೋಲಿ ಮನೆಮಾತಲ್ಲ. ಕಾಶಿಯವರ ಮನೆಮಾತು ಭೋಜಪುರಿ, ಅಯೋಧ್ಯೆ ಕಡೆಯವರದು ಅವಧಿ, ಮಥುರೆಯವರದು ಬ್ರಜ, ಗುರು ಅವರ ಊರಿನದು ಬುಂದೇಲಿ. ಹೀಗಾಗಿ ಒಬ್ಬ ಲೇಖಕ ಸ್ತ್ರೀಲಿಂಗದಲ್ಲಿ ಬರೆದ ಪದವನ್ನು ಇನ್ನೊಬ್ಬ ಪುಲ್ಲಿಂಗದಲ್ಲಿ ಬರೆಯುತ್ತಿದ್ದ. ಹಿಂದಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ನಾಮಪದದ ಲಿಂಗ ಬದಲಾದರೆ ಅದರ ಹಿಂದಿನ ವಿಶೇಷಣ, ಷಷ್ಠಿಯ ಪ್ರತ್ಯಯ, ಮುಂದಿನ ಕ್ರಿಯಾಪದ ಎಲ್ಲವೂ ಬದಲಾಗಬೇಕು. ನನ್ನ ಮನೆ ಎನ್ನಲು ಮೇರಾ ಘರ್, ನನ್ನ ಪುಸ್ತಕ ಎನ್ನಲು ಮೇರೀ ಕಿತಾಬ್. ಒಂದು ಪದದ ಲಿಂಗ ತಪ್ಪಿದರೆ ಇಡೀ ವಾಕ್ಯವೇ ದಾರಿ ತಪ್ಪುತ್ತದೆ. ಒಂದೇ ತರಗತಿಯ ಎರಡು ಪುಸ್ತಕಗಳಲ್ಲಿ ಎರಡು ಬಗೆ ಇದ್ದರೆ ಮೇಷ್ಟ್ರು ಯಾವುದಕ್ಕೆ ಅಂಕ ಕೊಡಬೇಕು, ಯಾವುದಕ್ಕೆ ಕೆಂಪು ಗೆರೆ ಎಳೆಯಬೇಕು?

1905ರಲ್ಲಿ ಈ ಅಶಿಸ್ತಿನ ವಿಷಯ ಬೀದಿಗೆ ಬಂತು. ಸರಸ್ವತಿ ಮಾಸಪತ್ರಿಕೆಯ ಸಂಪಾದಕರಾಗಿದ್ದ ಮಹಾವೀರ ಪ್ರಸಾದ ದ್ವಿವೇದಿಯವರು ಭಾಷೆ ಮತ್ತು ವ್ಯಾಕರಣವನ್ನು ಕುರಿತು ಒಂದು ಲೇಖನ ಬರೆದು, ಹಿಂದಿನ ಹೆಸರಾಂತ ಲೇಖಕರ ಬರವಣಿಗೆಯಲ್ಲೂ ದೋಷಗಳನ್ನು ತೋರಿಸಿದರು. ಕಲ್ಕತ್ತೆಯ ಭಾರತಮಿತ್ರದ ಸಂಪಾದಕ ಬಾಲಮುಕುಂದ ಗುಪ್ತರು ಬೇರೊಂದು ಹೆಸರಿನಲ್ಲಿ ಸಾಲುಸಾಲಾಗಿ ಲೇಖನ ಬರೆದು, ದ್ವಿವೇದಿಯವರೇ ಬಳಸಿದ ಒಂದು ಪದದ ರೂಪ ತಪ್ಪೆಂದು ಹಾಸ್ಯ ಮಾಡಿದರು. ಮತ್ತೆ ಕೆಲವರು ದ್ವಿವೇದಿಯವರ ಪರ ನಿಂತರು. ಈ ಜಗಳದಿಂದ ಒಂದು ಮಾತು ಎಲ್ಲರಿಗೂ ಮನವರಿಕೆಯಾಯಿತು. ಎಲ್ಲರೂ ಒಪ್ಪಿ ಕೈಯಲ್ಲಿ ಹಿಡಿಯಬಹುದಾದ ಒಂದು ವ್ಯಾಕರಣ ಹಿಂದಿಗೆ ಬೇಕೇ ಬೇಕು.

ಅಲ್ಲಿಯವರೆಗೆ ವ್ಯಾಕರಣಗಳು ಇರಲಿಲ್ಲವೆಂದಲ್ಲ. ಅಮೆರಿಕದ ಪಾದ್ರಿ ಸ್ಯಾಮ್ಯುಯೆಲ್ ಕೆಲಾಗ್ ಅವರು ಗುರು ಹುಟ್ಟಿದ ಮರುವರ್ಷವೇ, ಅಂದರೆ 1876ರಲ್ಲಿ, ಹಿಂದಿಯ ಒಂದು ಗಟ್ಟಿ ವ್ಯಾಕರಣವನ್ನು ಪ್ರಕಟಿಸಿದ್ದರು. ಆದರೆ ಅದು ಇಂಗ್ಲಿಷಿನಲ್ಲಿತ್ತು. ಹಿಂದಿ ಕಲಿಯುವ ಪರದೇಶದವರಿಗಾಗಿ ಬರೆದದ್ದು. ಹಿಂದಿಯಲ್ಲೇ ಬರೆದಿದ್ದ ಪುಸ್ತಕಗಳು ಹೆಚ್ಚಾಗಿ ಚಿಕ್ಕವು, ಶಾಲಾ ಪರೀಕ್ಷೆಯ ಮಟ್ಟಿನವು. 1893ರಲ್ಲಿ ಸ್ಥಾಪನೆಯಾದ ಕಾಶಿಯ ನಾಗರೀ ಪ್ರಚಾರಿಣೀ ಸಭೆ ಈ ಕೊರತೆಯನ್ನು ತುಂಬಲು ಮುಂದಾಗಿ, ಆ ಹೊಣೆಯನ್ನು ಕಾಮತಾ ಪ್ರಸಾದ ಗುರು ಅವರಿಗೆ ವಹಿಸಿತು.

ಗುರು ಅವರು ಈ ಕೆಲಸಕ್ಕೆ ಕೈ ಹಾಕಿದ ರೀತಿಯಲ್ಲಿ ಒಬ್ಬ ಮೇಷ್ಟ್ರ ಸ್ವಭಾವ ಕಾಣುತ್ತದೆ. ಒಟ್ಟು ವಿನ್ಯಾಸಕ್ಕೆ ಅವರು ಇಂಗ್ಲಿಷ್ ವ್ಯಾಕರಣಗಳ ಕ್ರಮವನ್ನು ಬಳಸಿಕೊಂಡರು. ಮರಾಠಿಯಲ್ಲಿ ಮೋರೋ ಕೇಶವ ದಾಮ್ಲೆಯವರು 1911ರಲ್ಲಿ ಪ್ರಕಟಿಸಿದ್ದ ಶಾಸ್ತ್ರೀಯ ವ್ಯಾಕರಣದಿಂದಲೂ ನೆರವು ಪಡೆದರು, ಅದನ್ನು ಮುಚ್ಚಿಡದೆ ಹೇಳಿಕೊಂಡರು. ಬರೆದ ಭಾಗಗಳು 1917ರಿಂದ ಸಭೆಯ ಲೇಖಮಾಲೆಯಲ್ಲಿ ಕಂತುಕಂತಾಗಿ ಅಚ್ಚಾದವು. ಆಮೇಲೆ ಇಡೀ ಗ್ರಂಥವನ್ನು ಒರೆಗೆ ಹಚ್ಚಲು ಸಭೆ ಒಂದು ಸಮಿತಿಯನ್ನು ನೇಮಿಸಿತು. ಮಹಾವೀರ ಪ್ರಸಾದ ದ್ವಿವೇದಿ, ರಾಮಾವತಾರ ಶರ್ಮಾ, ಚಂದ್ರಧರ ಶರ್ಮಾ ಗುಲೇರಿ, ರಾಮಚಂದ್ರ ಶುಕ್ಲ, ಶ್ಯಾಮಸುಂದರ ದಾಸ, ಜಗನ್ನಾಥದಾಸ ರತ್ನಾಕರ ಮೊದಲಾದ ಘಟಾನುಘಟಿಗಳು ಅದರಲ್ಲಿದ್ದರು. ತಮ್ಮ ಬರಹವನ್ನು ಇಂಥವರ ಮುಂದಿಟ್ಟು ತಿದ್ದಿಸಿಕೊಳ್ಳಲು ಗುರು ಹಿಂಜರಿಯಲಿಲ್ಲ. 1920ರಲ್ಲಿ ಹಿಂದೀ ವ್ಯಾಕರಣ ಎಂಬ ಸರಳ ಹೆಸರಿನಿಂದ ಗ್ರಂಥ ಹೊರಬಂತು.

ಈ ಗ್ರಂಥದ ಲಿಂಗ ಪ್ರಕರಣವನ್ನು ನಾವು ಸ್ವಲ್ಪ ನಿಂತು ನೋಡಬೇಕು. ಸಂಸ್ಕೃತದಲ್ಲಿ ಮೂರು ಲಿಂಗಗಳಿವೆ. ಮರಾಠಿ ಮತ್ತು ಗುಜರಾತಿಗಳು ಮೂರನ್ನೂ ಉಳಿಸಿಕೊಂಡವು. ಬಂಗಾಳಿಯಲ್ಲಿ ವ್ಯಾಕರಣದ ಲಿಂಗವೇ ಸವೆದುಹೋಯಿತು. ಹಿಂದಿ ನಡುದಾರಿ ಹಿಡಿದು, ನಪುಂಸಕವನ್ನು ಕಳೆದುಕೊಂಡು ಉಳಿದೆರಡನ್ನು ಇಟ್ಟುಕೊಂಡಿತು. ಹಾಗಾಗಿ ಹಳೆಯ ನಪುಂಸಕ ಪದಗಳು ಒಂದು ಕಡೆ ಸೇರಲೇಬೇಕಾಯಿತು. ಹೆಚ್ಚಿನವು ಪುಲ್ಲಿಂಗಕ್ಕೆ ಹೋದವು. ವಸ್ತು, ಪುಸ್ತಕ, ಆಯು ಮುಂತಾದವು ಸ್ತ್ರೀಲಿಂಗಕ್ಕೆ ಬಂದವು. ಸಂಸ್ಕೃತದಲ್ಲಿ ಪುಲ್ಲಿಂಗವಾಗಿದ್ದ ಅಗ್ನಿ ಮತ್ತು ಆತ್ಮ ಹಿಂದಿಯಲ್ಲಿ ಸ್ತ್ರೀಲಿಂಗವಾದವು. ಸ್ತ್ರೀಲಿಂಗವಾಗಿದ್ದ ದೇವತಾ ಪುಲ್ಲಿಂಗವಾಯಿತು. ದೇವತೆ ಎಂದೊಡನೆ ಹೆಣ್ಣುದೇವರನ್ನು ನೆನೆಯುವ ಕನ್ನಡಿಗರು ಇಲ್ಲಿ ಎಡವುವುದು ಸಹಜ. ಸಂಸ್ಕೃತ ಬಲ್ಲವನಿಗೆ ಹಿಂದಿ ಲಿಂಗ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಇಲ್ಲಿಗೆ ಮುರಿಯುತ್ತದೆ.

ಗುರು ಅವರು ಮೊದಲು ಅರ್ಥದ ದಾರಿಯನ್ನು ತೋರಿಸುತ್ತಾರೆ. ಪರ್ವತ, ತಿಂಗಳು, ವಾರ, ಮರಗಳ ಹೆಸರುಗಳು ಸಾಮಾನ್ಯವಾಗಿ ಪುಲ್ಲಿಂಗ. ನದಿ, ತಿಥಿ, ನಕ್ಷತ್ರ, ಭಾಷೆಗಳ ಹೆಸರುಗಳು ಸ್ತ್ರೀಲಿಂಗ. ನಮ್ಮ ಕಾವೇರಿಯೂ ತುಂಗಭದ್ರೆಯೂ ಹಿಂದಿಗೆ ಹೋದರೆ ಸ್ತ್ರೀಲಿಂಗ, ಕನ್ನಡವೂ ಸ್ತ್ರೀಲಿಂಗ. ಆದರೆ ಬ್ರಹ್ಮಪುತ್ರ ಪುಲ್ಲಿಂಗ. ಚಿನ್ನ, ತಾಮ್ರ, ಕಬ್ಬಿಣ ಪುಲ್ಲಿಂಗವಾದರೆ ಬೆಳ್ಳಿ, ಅಂದರೆ ಚಾಂದೀ, ಸ್ತ್ರೀಲಿಂಗ. ಗೋಧಿ, ಅಕ್ಕಿ ಪುಲ್ಲಿಂಗ, ಜೋಳ ಸ್ತ್ರೀಲಿಂಗ. ಒಂದೇ ವಸ್ತು ದೊಡ್ಡದಾದರೆ ಪುಲ್ಲಿಂಗ, ಚಿಕ್ಕದಾದರೆ ಸ್ತ್ರೀಲಿಂಗ ಆಗುವುದುಂಟು. ದಪ್ಪ ಹಗ್ಗ ರಸ್ಸಾ, ತೆಳು ಹಗ್ಗ ರಸ್ಸೀ. ದೊಡ್ಡ ಬುಟ್ಟಿ ಟೋಕ್ರಾ, ಪುಟ್ಟ ಬುಟ್ಟಿ ಟೋಕ್ರೀ.

ಎರಡನೆಯದು ರೂಪದ ದಾರಿ. ಪದ ಹೇಗೆ ಕೊನೆಯಾಗುತ್ತದೆ ಎಂಬುದನ್ನು ಹಿಡಿದು ಲಿಂಗವನ್ನು ಊಹಿಸುವುದು. ಹಿಂದಿಯದೇ ಆದ ಪದ ಆಕಾರದಿಂದ ಮುಗಿದರೆ ಬಹುಮಟ್ಟಿಗೆ ಪುಲ್ಲಿಂಗ, ಈಕಾರದಿಂದ ಮುಗಿದರೆ ಬಹುಮಟ್ಟಿಗೆ ಸ್ತ್ರೀಲಿಂಗ. ಬಚ್‌ಪನ್ ಪುಲ್ಲಿಂಗ, ಸಜಾವಟ್ ಸ್ತ್ರೀಲಿಂಗ. ಸಂಸ್ಕೃತದ ಸುಂದರತಾ, ಗತಿ ಸ್ತ್ರೀಲಿಂಗ. ಪಾರಸಿ, ಅರಬ್ಬಿಯಿಂದ ಬಂದ ಕೋಶಿಶ್, ದೌಲತ್, ಹವಾ, ದವಾ ಸ್ತ್ರೀಲಿಂಗ. ಆದರೆ ಪಾನೀ, ಘೀ, ದಹೀ, ಮೋತೀ ಈಕಾರದಿಂದ ಮುಗಿದರೂ ಪುಲ್ಲಿಂಗವೇ. ನೀರು, ತುಪ್ಪ, ಮೊಸರು, ಮುತ್ತು: ದಿನಬಳಕೆಯ ಈ ನಾಲ್ಕು ಪದಗಳು ಪ್ರತಿವರ್ಷವೂ ಎಷ್ಟೋ ಮಕ್ಕಳ ಅಂಕ ಕಡಿಮೆ ಮಾಡುತ್ತವೆ. ಇಂಗ್ಲಿಷಿನಿಂದ ಹೊಸದಾಗಿ ಬರುತ್ತಿದ್ದ ಪದಗಳಿಗೂ ಗುರು ಇದೇ ಎರಡು ದಾರಿಗಳನ್ನು ಸೂಚಿಸಿದರು. ಅದೇ ಅರ್ಥದ ಹಿಂದಿ ಪದದ ಲಿಂಗವನ್ನೋ, ಅದೇ ಬಗೆಯಲ್ಲಿ ಮುಗಿಯುವ ಪದದ ಲಿಂಗವನ್ನೋ ಹೊಸ ಪದ ಪಡೆಯುತ್ತದೆ. ಇಂದಿಗೂ ಇದು ನಡೆಯುತ್ತಲೇ ಇದೆ. ಗಾಡೀ ಸ್ತ್ರೀಲಿಂಗವಾದ್ದರಿಂದ ಕಾರ್, ಬಸ್, ಟ್ರೇನ್‌ಗಳೂ ಅದರ ಬೆನ್ನು ಹಿಡಿದಿವೆ.

ಮೂರನೆಯದೇ ಗುರು ಅವರ ದೊಡ್ಡತನ. ಈ ನಿಯಮಗಳೆಲ್ಲ ಪೂರ್ಣವಲ್ಲ, ನಿರ್ಜೀವ ವಸ್ತುಗಳ ಲಿಂಗವನ್ನು ಕೊನೆಗೆ ಜನರ ಬಳಕೆಯಿಂದಲೇ ತಿಳಿಯಬೇಕು ಎಂಬುದನ್ನು ಅವರು ಮರೆಮಾಚಲಿಲ್ಲ. ಕಲಮ್, ಗೇಂದ್, ಬರ್ಫ್, ಪವನ್ ಮುಂತಾದ ಪದಗಳು ಒಬ್ಬೊಬ್ಬರಲ್ಲಿ ಒಂದೊಂದು ಲಿಂಗದಲ್ಲಿ ಬರುತ್ತಿದ್ದವು. ಅವುಗಳನ್ನು ಪಟ್ಟಿ ಮಾಡಿ, ಎರಡೂ ಬಳಕೆ ಇದೆ ಎಂದು ಬರೆದಿಟ್ಟರು. ಅಧಿಕಾರದಿಂದ ಒಂದನ್ನು ಆರಿಸಿ ಇನ್ನೊಂದನ್ನು ಅಶುದ್ಧವೆಂದು ಸಾರುವುದು ಅವರಿಗೆ ಸುಲಭವಿತ್ತು; ಸಭೆಯ ಬಲ ಬೆನ್ನಿಗಿತ್ತು. ಅವರು ಹಾಗೆ ಮಾಡಲಿಲ್ಲ. ನಮ್ಮ ಕೇಶಿರಾಜನೂ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ಹಿಂದಿನ ಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಮುಂದಿಟ್ಟುಕೊಂಡಿದ್ದನು. ಭಾಷೆ ಮೊದಲು, ಸೂತ್ರ ಆಮೇಲೆ ಎಂಬುದು ಒಳ್ಳೆಯ ವೈಯಾಕರಣರಿಗೆಲ್ಲ ಗೊತ್ತಿರುವ ಧರ್ಮ.

ವ್ಯಾಕರಣ ಹೊರಬಂದ ಆಸುಪಾಸಿನಲ್ಲೇ, ಸುಮಾರು ಒಂದು ವರ್ಷ ಗುರು ಅವರು ಪ್ರಯಾಗದ ಇಂಡಿಯನ್ ಪ್ರೆಸ್ಸಿನಲ್ಲಿದ್ದು ಸರಸ್ವತಿ ಹಾಗೂ ಮಕ್ಕಳ ಪತ್ರಿಕೆ ಬಾಲಸಖಾದ ಸಂಪಾದನೆಯಲ್ಲಿ ದುಡಿದರು. ಕವಿತೆ, ನಾಟಕ, ಕಾದಂಬರಿಗಳನ್ನೂ ಬರೆದರು. ಆದರೆ ಅವರ ಹೆಸರು ನಿಂತದ್ದು ವ್ಯಾಕರಣದಿಂದ. ದೊಡ್ಡ ಗ್ರಂಥ ಎಲ್ಲ ಮಕ್ಕಳ ಕೈಗೆ ಎಟುಕುವುದಿಲ್ಲವೆಂದು ಅದನ್ನು ಮಧ್ಯಮ, ಸಂಕ್ಷಿಪ್ತ, ಪ್ರಥಮ ಎಂದು ತರಗತಿಗೆ ತಕ್ಕಂತೆ ಇಳಿಸಿ ಚಿಕ್ಕ ಪುಸ್ತಕಗಳನ್ನು ಮಾಡಿದರು. ತನ್ನ ದೊಡ್ಡ ಕೃತಿಯನ್ನು ತಾನೇ ಮಕ್ಕಳಿಗಾಗಿ ಚಿಕ್ಕದು ಮಾಡುವ ಕೆಲಸ ವಿದ್ವಾಂಸರಿಗಿಂತ ಮೇಷ್ಟ್ರುಗಳಿಗೇ ಹೆಚ್ಚು ಹೊಳೆಯುವಂಥದ್ದು.

ಅವರ ವ್ಯಾಕರಣಕ್ಕೆ ಟೀಕೆಗಳೂ ಬಂದವು. ಅದು ಇಂಗ್ಲಿಷ್ ವ್ಯಾಕರಣದ ಅಚ್ಚಿನಲ್ಲಿ ಹಿಂದಿಯನ್ನು ಎರೆದಿದೆ ಎಂದು ಆಕ್ಷೇಪಿಸಿದ ಕಿಶೋರಿದಾಸ ವಾಜಪೇಯಿಯವರು 1958ರಲ್ಲಿ ಹಿಂದೀ ಶಬ್ದಾನುಶಾಸನ ಎಂಬ ಬೇರೆಯೇ ನೋಟದ ವ್ಯಾಕರಣವನ್ನು ಪ್ರಕಟಿಸಿದರು. ಅದನ್ನು ಪ್ರಕಟಿಸಿದ್ದೂ ಅದೇ ನಾಗರೀ ಪ್ರಚಾರಿಣೀ ಸಭೆ. ಆದರೂ ಗುರು ಅವರ ಗ್ರಂಥ ಮೂಲೆ ಸೇರಲಿಲ್ಲ. ರಷ್ಯನ್ ಭಾಷೆಗೂ ಅನುವಾದವಾಗಿ ಅಲ್ಲಿಯ ಹಿಂದಿ ವಿದ್ಯಾರ್ಥಿಗಳ ಕೈ ಸೇರಿತು.

ನಿವೃತ್ತಿಯ ನಂತರವೂ ಬರವಣಿಗೆಯಲ್ಲಿದ್ದ ಗುರು ಅವರು 1947ರ ನವೆಂಬರ್ 16ರಂದು ಜಬಲ್ಪುರದಲ್ಲಿ ತೀರಿಕೊಂಡರು. ದೇಶ ಸ್ವತಂತ್ರವಾಗಿ ಮೂರು ತಿಂಗಳಾಗಿತ್ತು. ಸಂವಿಧಾನ ಸಭೆ ಹಿಂದಿಯನ್ನು ರಾಜಭಾಷೆಯೆಂದು ಒಪ್ಪಿದ್ದು 1949ರ ಸೆಪ್ಟೆಂಬರ್ 14ರಂದು. ಅದನ್ನು ನೋಡಲು ಅವರಿರಲಿಲ್ಲ. ಭಾರತೀಯ ಅಂಚೆ ಇಲಾಖೆ 1977ರಲ್ಲಿ ಅವರ ಹೆಸರಿನ ಅಂಚೆಚೀಟಿಯನ್ನು ಹೊರತಂದಿತು. ವ್ಯಾಕರಣ ಬರೆದ ಮೇಷ್ಟ್ರೊಬ್ಬರಿಗೆ ಇಂಥ ಗೌರವ ಸಿಗುವುದು ಅಪರೂಪ.

ಅವರ ವ್ಯಾಕರಣ ಕಂತುಗಳಲ್ಲಿ ಅಚ್ಚಾಗುತ್ತಿದ್ದ ದಿನಗಳಲ್ಲೇ, 1918ರಲ್ಲಿ, ಮದರಾಸಿನಲ್ಲಿ ದಕ್ಷಿಣದ ಹಿಂದಿ ಪ್ರಚಾರ ಕಾರ್ಯ ಶುರುವಾಯಿತು. ಅದು ಕನ್ನಡ ನಾಡಿಗೂ ಹಬ್ಬಿತು. ಸಂಜೆ ತರಗತಿಗಳಲ್ಲಿ ಪ್ರಾಥಮಿಕದಿಂದ ಪ್ರವೀಣದವರೆಗೆ ಪರೀಕ್ಷೆ ಕಟ್ಟಿದವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿಂದಿ ಮನೆಮಾತಿನ ಮಗುವಿಗೆ ಲಿಂಗ ತಾಯಿಯ ಮಾತಿನೊಂದಿಗೇ ಬರುತ್ತದೆ. ಅದಕ್ಕೆ ಲಿಂಗ ಪ್ರಕರಣ ಬೇಕಾಗುವುದು ಕಡಿಮೆ. ನಿಜವಾಗಿ ಬೇಕಾದದ್ದು ನಮ್ಮಂಥವರಿಗೆ.

ನಮ್ಮ ವಿದ್ಯಾರ್ಥಿಗಳಿಗೆ ಗುರು ಅವರ ಪುಸ್ತಕದಿಂದ ಸಿಗುವ ಉಪಾಯ ಸರಳವಾದದ್ದು. ಪದವನ್ನು ಒಂಟಿಯಾಗಿ ಕಲಿಯಬೇಡಿ, ಜೊತೆಗಾರನೊಂದಿಗೆ ಕಲಿಯಿರಿ. ಪಾನೀ ಎಂದು ಬಾಯಿಪಾಠ ಮಾಡುವ ಬದಲು ಠಂಡಾ ಪಾನೀ ಎನ್ನಿ. ಕಿತಾಬ್ ಎನ್ನುವ ಬದಲು ನಯೀ ಕಿತಾಬ್ ಎನ್ನಿ. ರಾಮ್ ನೇ ರೋಟೀ ಖಾಯೀ, ಸೀತಾ ನೇ ಆಮ್ ಖಾಯಾ ಎಂಬಲ್ಲಿ ತಿಂದವರು ಯಾರೆಂದು ನೋಡದೆ, ತಿಂದದ್ದು ಏನೆಂದು ನೋಡಿ. ಅಲ್ಲಿ ಕ್ರಿಯಾಪದ ರಾಮನನ್ನೋ ಸೀತೆಯನ್ನೋ ಬಿಟ್ಟು ರೊಟ್ಟಿಯ ಮತ್ತು ಮಾವಿನಹಣ್ಣಿನ ಲಿಂಗವನ್ನು ಹಿಡಿಯುತ್ತದೆ. ನಿಯಮ ನೆನಪಿದ್ದರೆ ಹತ್ತರಲ್ಲಿ ಬಹುಪಾಲು ಪದಗಳು ದಕ್ಕುತ್ತವೆ. ಉಳಿದವು ಓದುತ್ತಾ, ಕೇಳುತ್ತಾ, ಮಾತಾಡುತ್ತಾ ತಾವಾಗಿ ಬರುತ್ತವೆ. ಎಂಟ್ರೆನ್ಸ್ ಓದಿದ ಮೇಷ್ಟ್ರೊಬ್ಬರು ವರ್ಷಗಟ್ಟಲೆ ಪದಗಳನ್ನು ಕೂಡಿಸಿ, ತೂಗಿ, ಗುಂಪು ಮಾಡಿ ಇಟ್ಟ ಈ ಬುತ್ತಿ ಇಂದಿಗೂ ಹಳಸಿಲ್ಲ.